ಮಕ್ಕಳ ಕುರ್ಚಿಯ ಲೆಕ್ಕ
ನಮ್ಮ ಸೋದರತ್ತೆ ಕುರ್ಚಿ ಕಾರ್ಖಾನೆಯೊಂದರಲ್ಲಿ ಖರ್ಚಿನ ಲೆಕ್ಕ ನೋಡುತ್ತಿದ್ದಳು. ಒಂದು ವರ್ಷ ಮಾಲೀಕರು, ಮಕ್ಕಳ ಕುರ್ಚಿಯಲ್ಲಿ ಬರೀ ನಷ್ಟ, ಅದನ್ನು ನಿಲ್ಲಿಸಿ, ಅದನ್ನು ಮಾಡುವ ಮೂವರು ಬಡಗಿಗಳನ್ನೂ ಕಳಿಸಿಬಿಡೋಣ ಅಂದರು. ಅತ್ತೆ ಎರಡು ದಿನ ಕಾಗದಗಳಲ್ಲಿ ಮುಳುಗಿದ್ದು, ಮೂರನೆಯ ದಿನ ಅವರ ಮುಂದೆ ನಿಂತಳು.

"ಸರ್, ಕಟ್ಟಡದ ಅರ್ಧ ಬಾಡಿಗೆ ಈ ಕುರ್ಚಿಗಳ ತಲೆಗೆ ಕಟ್ಟಿದ್ದೀವಿ. ಇವನ್ನ ನಿಲ್ಲಿಸಿದರೂ ಬಾಡಿಗೆ ನಿಲ್ಲಲ್ಲ, ದೊಡ್ಡ ಕುರ್ಚಿಗಳ ಮೇಲೆ ಬೀಳುತ್ತೆ. ಮರ, ಕೂಲಿ ಕಳೆದರೂ ಇವುಗಳಿಂದ ನಮಗೆ ದುಡ್ಡು ಉಳೀತಾನೇ ಇದೆ."

ಮಾಲೀಕರು ಬಹಳ ಹೊತ್ತು ಕಾಗದ ನೋಡಿ, "ನಡೀಲಿ ಬಿಡಮ್ಮ" ಅಂದರು.

ಆ ಬಡಗಿಗಳಲ್ಲಿ ಕಿರಿಯವರೇ ಮುಂದೆ ನಮ್ಮ ಮಾವನಾದರು. "ನನಗೋಸ್ಕರ ತಾನೇ ಆ ಲೆಕ್ಕ?" ಅಂತ ಕೊನೆಯವರೆಗೂ ಅತ್ತೆಯನ್ನು ರೇಗಿಸುತ್ತಿದ್ದರು. ಮಾವ ಹೋದ ಮೇಲೆ ಒಮ್ಮೆ ನಾನೇ ಕೇಳಿದೆ.

"ಲೆಕ್ಕ ಸರಿಯಾಗೇ ಇತ್ತು ಕಣೋ. ಆದರೆ ನಿಮ್ಮ ಮಾವನ್ನ ಕಳಿಸ್ತಾರೆ ಅಂದ ದಿನ ನನಗೆ ಊಟ ಸೇರಿರಲಿಲ್ಲ," ಅಂದಳು.