ನಮ್ಮತ್ತೆ ಚಹಾ ಬಿಟ್ಟಿದ್ದು

ನಮ್ಮತ್ತೆ ಚೌಡವ್ವನ ಬಾಯಿ ಗಜೇಂದ್ರಗಡದ ನಮ್ಮ ಓಣಿಗೆಲ್ಲ ಗೊತ್ತು. ಎರಡು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ಅವರು ಕರೆದದ್ದು ಮೂರನೇ ಮನೆಗೆ ಕೇಳುತ್ತದೆ. ಇನ್ನು ಅವರ ಚಹಾ! ಸೀರೆ ಗೇಣುದ್ದ ನೇಯ್ದರೆ ಒಂದು ಕಪ್ಪು ಬೇಕೇ ಬೇಕು. ತಲೆನೋವಿಗೂ ಚಹಾ, ಅಳುವವರಿಗೂ ಚಹಾ. ಅವರ ಪ್ರೀತಿಯೆಲ್ಲ ಅದರಲ್ಲೇ.

ನಾನು ಬಸುರಿಯಾಗಿ ಐದು ತಿಂಗಳಾದಾಗ ದವಾಖಾನೆಯಲ್ಲಿ ರಕ್ತ ನೋಡಿ, "ಎಂಟೇ ಐತಿ, ಹನ್ನೊಂದಾದ್ರೂ ಬೇಕು" ಎಂದು ಕಬ್ಬಿಣದ ಗುಳಿಗೆ ಕೊಟ್ಟರು. ಅತ್ತೆ ಹೆದರಿಬಿಟ್ಟರು. ಅವರ ತಂಗಿ ದೇವವ್ವ ಮೈಯಲ್ಲಿ ರಕ್ತವಿಲ್ಲದೆ ಚೊಚ್ಚಲ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ನನಗೂ ತಾಯಿಯಿಲ್ಲ, ಬಾಣಂತನ ಅವರದೇ. ಅಂದಿನಿಂದ ಊಟವಾದ ಕೂಡಲೇ ಒಂದು ಕೈಯಲ್ಲಿ ಗುಳಿಗೆ, ಇನ್ನೊಂದರಲ್ಲಿ ಬಿಸಿ ಚಹಾ ಹಿಡಿದು ನನ್ನೆದುರು ನಿಲ್ಲುತ್ತಿದ್ದರು.

"ನುಂಗು. ಈಗ ಬಾಯಿ ತೆಗಿ, ನೋಡ್ತೀನಿ."

ತಿಂಗಳು ಬಿಟ್ಟು ನೋಡಿದರೆ ಅದೇ ಎಂಟು! ಆಶಾ ಕಾರ್ಯಕರ್ತೆ ಚಮನಬಿ ಮನೆಗೆ ಬಂದದ್ದೇ ತಡ, ಅತ್ತೆ ಮೈಮೇಲೆ ಹೋದರು.

"ಏನವಾ, ಇದು ಗುಳಿಗ್ಯೋ ಸುಣ್ಣದ ಹರಳೋ?"

ಚಮನಬಿ ನಕ್ಕಳು. "ಸಿಟ್ಟಾಗಬ್ಯಾಡ್ರಿ ಚೌಡಕ್ಕ. ಹ್ಯಾಂಗ ನುಂಗಸ್ತೀರಿ, ಹೇಳ್ರಿ."

"ಹ್ಯಾಂಗಂದ್ರ? ಬಿಸಿ ಚಾದಾಗ! ನಾನ ಮಾಡಿ ಕೊಡ್ತೀನಿ."

"ಯಾ ಅಲ್ಲಾ! ಅದಕ್ಕ ರಕ್ತ ಏರವಲ್ದು. ಚಾ ಕುಡದ್ರ ಗುಳಿಗಿ ಸತ್ವ ಮೈಗೆ ಹತ್ತೂದಿಲ್ರಿ. ನೀರಾಗ ನುಂಗಸ್ರಿ, ಲಿಂಬಿಹಣ್ಣಿನ ಪಾನಕ ಕೊಡ್ರಿ. ಊಟದ ಹಿಂದ ಮುಂದ ಒಂದೆರಡು ತಾಸು ಚಾ ಬ್ಯಾಡ."

ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. "ನಾನ ಕೈಯಾರ ಕೆಡಿಸಿದ್ನಲ್ಲ ಯವ್ವಾ" ಎಂದರು. ಆ ದೊಡ್ಡ ಬಾಯಿ ಅಷ್ಟು ಸಣ್ಣಗೆ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. ನನಗೆ ಬಹಳ ಸಂಕಟವಾಯಿತು.

ಮರುದಿನ ಚಹಾಪುಡಿ ಡಬ್ಬಿ ನೆರೆಮನೆಗೆ ಹೋಯಿತು.

"ಬಸುರಿ ಆಕಿ, ನಾವ್ಯಾಕ ಬಿಡಬೇಕ?" ಎಂದರು ಮಾವ ನಿಜಲಿಂಗಪ್ಪ.

"ವಾಸನಿ ಬಡದ್ರ ಆಕಿಗೆ ಆಸಿ ಆಕ್ಕೈತಿ. ಸುಮ್ಮನ ಮಜ್ಜಿಗಿ ಕುಡೀರಿ!"

ಮಾವ, ನನ್ನ ಗಂಡ ಶರತ ಇಬ್ಬರೂ ಎಲೆಅಡಿಕೆ ನೆಪದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿದು ಬರುತ್ತಿದ್ದರು. ಬಂದವರೇ, ಯಾರೂ ಕೇಳದಿದ್ದರೂ, "ಮಜ್ಜಿಗಿ ಭಾಳ ಚಲೋ ನೋಡು" ಎನ್ನುತ್ತಿದ್ದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ! ಅತ್ತೆ ಮಾತ್ರ ಚಹಾ ಮುಟ್ಟಲೇ ಇಲ್ಲ. ತಲೆ ಸಿಡಿದು, ಹಣೆಗೆ ಬಟ್ಟೆ ಬಿಗಿದುಕೊಂಡು ಮಗ್ಗದಲ್ಲಿ ಕೂತು ಎರಡು ದಿನ ಲಾಳಿಗೂ ಬೈದರು. ನನಗೋ ಸಜ್ಜೆ ರೊಟ್ಟಿ, ಮೆಂತ್ಯಪಲ್ಯ, ಹೆಸರುಕಾಳು, ಶೇಂಗಾ ಉಂಡೆ. ಸಂಜೆ ಕೈಹಿಡಿದು ಓಣಿಯುದ್ದ ನಡೆಸುತ್ತಿದ್ದರು. ಸಾಕೆಂದರೆ ಬೈಗುಳ, ಉಂಡರೆ ಮುದ್ದು.

ಒಂಬತ್ತನೇ ತಿಂಗಳಿಗೆ ರಕ್ತ ಹನ್ನೊಂದು ದಾಟಿತು. ಅತ್ತೆ ದವಾಖಾನೆ ಬಾಗಿಲಲ್ಲೇ ಚಮನಬಿಯನ್ನು ತಬ್ಬಿಕೊಂಡು ಕುಣಿದಾಡಿದರು.

ಶ್ರಾವಣದ ಒಂದು ಮುಂಜಾನೆ ಹೆರಿಗೆಯಾಯಿತು. ನರ್ಸಮ್ಮ ಕೂಸನ್ನು ಹೊರಗೆ ತಂದು, "ಮೊಮ್ಮಗಳು ಬಂದಾಳ, ಹಿಡೀರಿ ಅಜ್ಜಿ" ಎಂದರಂತೆ. ಅತ್ತೆ ಕೈಯನ್ನೇ ಚಾಚಲಿಲ್ಲವಂತೆ.

"ನನ್ನ ಸೊಸಿ ಹ್ಯಾಂಗ ಅದಾಳ್ರಿ?"

"ಆರಾಮ ಅದಾಳ್ರಿ, ಮಾತಾಡಾಕತ್ತಾಳ."

"ಮದ್ಲ ಆಕೀನ್ನ ನೋಡ್ತೀನಿ."

ಒಳಗೆ ಬಂದು ನನ್ನ ಕೆನ್ನೆ ಮುಟ್ಟಿದರು, ಅಂಗೈ ಹೊರಳಿಸಿ ನೋಡಿದರು, ಹೆಸರು ಹಿಡಿದು ಎರಡು ಸಲ ಕರೆದರು. ನಾನು ಎರಡು ಸಲವೂ "ಹೂಂ ಅತ್ತಿ" ಎಂದೆ. ಆಮೇಲಷ್ಟೇ ತಿರುಗಿ, "ಎಲ್ಲೈತ್ರಿ ನಮ್ಮ ಕೂಸು, ಲಗೂ ಕೊಡ್ರಿ!" ಎಂದು ಇಡೀ ದವಾಖಾನೆಗೆ ಕೇಳುವಂತೆ ಕೂಗಿದರು.