ಅತ್ತಿಗೆಯ ಇಂಗ್ಲಿಷು

ಮಧ್ಯಾಹ್ನದ ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಂಡದ್ದೇ ನಂದೊಳ್ಳಿಯಿಂದ ಅತ್ತಿಗೆ ಫೋನು ಮಾಡುತ್ತಿದ್ದಳು. ಅಣ್ಣನ ಹೆಂಡತಿ ಎಂಬುದಕ್ಕಿಂತ ನನಗವಳು ಮಾತಿನ ಗೆಳತಿ. ಶಿರಸಿಯಲ್ಲಿ ಇಂಗ್ಲಿಷ್ ಕಲಿಸಿಕೊಂಡು, ಆ ಭಾಷೆ ನಮ್ಮ ಅಡುಗೆಮನೆ ಹೊಕ್ಕು ಹೇಗೆ ಬದಲಾಗುತ್ತದೆಂದು ಸಂಶೋಧನೆ ಮಾಡುತ್ತಿರುವ ನನಗೆ ಅವಳ ಹರಟೆಯೇ ಅಕ್ಷಯಪಾತ್ರೆ. ಹಾಲು ಉಕ್ಕಿದರೂ ಟೆನ್ಷನ್ನು, ಮಗಳಿಗೆ ಗಂಡು ಒಪ್ಪಿಗೆಯಾಗದಿದ್ದರೂ ಟೆನ್ಷನ್ನು. ಇಂಥ ಪದಗಳು ಊಟಕ್ಕೆ ಬಂದು ಮನೆಅಳಿಯರಾಗಿ ನಿಂತ ಬಗೆಯನ್ನು ಎರಡು ವರ್ಷ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಕಳೆದ ತಿಂಗಳು ನಂದೊಳ್ಳಿಗೆ ಹೋದಾಗ ಅದನ್ನು ಅವಳ ಮುಂದೆಯೇ ಬಿಚ್ಚಿದೆ, ಖುಷಿಪಡುತ್ತಾಳೆಂದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ಹಾಳೆ ಮಗುಚುತ್ತ ಮಗುಚುತ್ತ ಸಪ್ಪಗಾದಳು.

"ಇಷ್ಟೆಲ್ಲ ತಪ್ಪು ಮಾತಾಡ್ತ್ನನೆ, ತಂಗಿ?"

ತಪ್ಪಲ್ಲ, ಭಾಷೆ ಬೆಳೆಯುವುದೇ ಹೀಗೆ ಎಂದು ನಾನು ಪಾಠವನ್ನೇ ಮಾಡಿದೆ. ಪಾಠದಿಂದ ಯಾರ ಮನಸ್ಸು ತಿಳಿಯಾಗಿದೆ, ನೀವೇ ಹೇಳಿ. ಅಂದಿನಿಂದ ಫೋನು ಮಾಡಿದರೂ "ಅಡ್ಡಿಲ್ಲೆ, ಎಲ್ಲ ಆರಾಮು" ಎನ್ನುವುದರೊಳಗೆ ಮಾತು ಮುಗಿಯುತ್ತಿತ್ತು. ನನ್ನ ಬುದ್ಧಿಯಾದರೂ ಎಂಥದ್ದು! ಅತ್ತಿಗೆ ಈಗೀಗ ಇಂಗ್ಲಿಷ್ ಪದ ಬಳಸುವುದು ಕಡಿಮೆಯಾಗಿದೆ, ಗಮನಿಸತಕ್ಕದ್ದು ಎಂದು ಅದನ್ನೂ ಬರೆದಿಟ್ಟುಕೊಂಡೆ.

ನಿನ್ನೆ ಅಣ್ಣ ಫೋನು ಮಾಡಿದ. ಅತ್ತಿಗೆಯ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಈ ತಿಂಗಳಲ್ಲಿ ಎರಡು ಸಲ ಶಿರಸಿಗೇ ಬಂದು ಡಾಕ್ಟರರಿಗೆ ತೋರಿಸಿ ಹೋಗಿದ್ದರಂತೆ. ನನ್ನ ಮನೆಯಿಂದ ಆಸ್ಪತ್ರೆ ನಡೆಯುವಷ್ಟೇ ದೂರ. ಕೂಡಲೇ ಅವಳಿಗೆ ಫೋನು ಹಚ್ಚಿ, ನನಗೇಕೆ ಹೇಳಲಿಲ್ಲವೆಂದು ಜಗಳವನ್ನೇ ತೆಗೆದೆ.

"ಎಂತ ಹೇಳದು ತಂಗಿ? ಅದ್ರಲ್ಲಿ ಇಪ್ಪದೆಲ್ಲ ಇಂಗ್ಲೀಷೇ. ತಪ್ಪು ಹೇಳಿದ್ರೆ ನೀನು ನೋಟ್‌ಬುಕ್ಕಲ್ಲಿ ಬರ್ಕತ್ತೆ ಹೇಳಿ ಆನು ಸುಮ್ನಿದ್ದಿ."

ಭಾಷೆ ಜನರನ್ನು ಹತ್ತಿರ ತರುತ್ತದೆಂದು ತರಗತಿಯಲ್ಲಿ ವರ್ಷವರ್ಷವೂ ಹೇಳುವವಳು ನಾನೇ. ಸಂಕಟದ ಮಾತನ್ನು ಆಡಬೇಕಾದವಳ ಬಾಯಿಗೆ ಬೀಗ ಹಾಕಿದವಳೂ ನಾನೇ.

"ಹ್ಯಾಂಗಾದ್ರೂ ಹೇಳು ಅತ್ತಿಗೆ, ಆನು ಎಂತದೂ ಬರೀತಿಲ್ಲೆ" ಎಂದು ಅಂಗಲಾಚಿದೆ.

ಅವಳು ಹೇಳತೊಡಗಿದಳು. ಸ್ಕ್ಯಾನು ಎನ್ನುವ ಮೊದಲು ತಡೆದಳು. ಬಯಾಪ್ಸಿ ಎಂಬಲ್ಲಿ ಇನ್ನಷ್ಟು ತಡೆದು, ಅರ್ಧ ಅಂದು ನಿಲ್ಲಿಸಿ, "ಅದೇ, ಚೂರು ತೆಗ್ದು ನೋಡ್ತ್ವಲೆ, ಅದು" ಎಂದಳು. ರಿಪೋರ್ಟು ಸೋಮವಾರ ಬರುತ್ತದೆ. ಅದರಲ್ಲಿ ಏನಿದ್ದೀತೆಂಬ ಹೆದರಿಕೆ ಒಂದು ಕಡೆ. ಏನಿದ್ದರೂ ಅತ್ತಿಗೆ ಅದನ್ನು ನನಗೆ ಹೇಳಿಯಾಳೇ ಎಂಬ ಹೆದರಿಕೆ ಇನ್ನೊಂದು ಕಡೆ.