ಬೋರತ್ತೆಯ ಮೂರು ದಾರಿ

ಸೀತಾಫಲದ ಕಾಲದಲ್ಲಿ ನಮ್ಮ ಬಸ್ಸಿಗೆ ಮೊದಲು ಹತ್ತುತ್ತಿದ್ದುದು ವಾಸನೆ, ಆಮೇಲೆ ಬುಟ್ಟಿ. ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವೆ ನಾನು ಕಂಡಕ್ಟರ್ ಆಗಿ ಓಡಾಡುತ್ತಿದ್ದಾಗ, ಹಾನಗಲ್ಲಿನ ಹತ್ತಿರ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸುವ ಹೆಂಗಸರು ಗುಡ್ಡದಿಂದ ಕಿತ್ತ ಹಣ್ಣನ್ನು ಅದರದೇ ಸೊಪ್ಪು ಮುಚ್ಚಿಕೊಂಡು ತರುತ್ತಿದ್ದರು. ಮುರಿದ ಸೊಪ್ಪಿನ ಕಮಟು, ಅದರಡಿಯಲ್ಲಿ ಕಣ್ಣು ಬಿಟ್ಟ ಹಣ್ಣಿನ ಸಿಹಿ, ಬುಟ್ಟಿ ಹೊತ್ತವಳ ಸೆರಗಿನ ಬೆವರು, ಇವೆಲ್ಲ ಸೇರಿ ಮೂಗಿಗೆ ಬಡಿದಾಗ ನನ್ನ ಕೈಯ ಟಿಕೆಟ್ ಪುಸ್ತಕ ಒಂದು ಗಳಿಗೆ ನಿಂತುಬಿಡುತ್ತಿತ್ತು. "ಅಕ್ಕಾ, ಟಿಕೇಟು ಕೊಡಕ್ಕಾ" ಎಂದು ಯಾರಾದರೂ ಕೂಗಿದ ಮೇಲೆಯೇ ನಾನು ಬಸ್ಸಿಗೆ ಮರಳುತ್ತಿದ್ದೆ. ಅಲ್ಲಿಯವರೆಗೆ ಹತ್ತು ವರ್ಷದ ಹುಡುಗಿಯಾಗಿ, ಬರಿಗಾಲಲ್ಲಿ, ನಮ್ಮೂರು ಸಿದ್ದಾಪುರದ ಬಂಡೆಗಳ ನಡುವೆ ಬೋರತ್ತೆಯ ಹಿಂದೆ ನಡೆಯುತ್ತಿರುತ್ತಿದ್ದೆ. ಇಂಥ ಒಂದು ವಾಸನೆ ನಿಮಗೂ ಇದ್ದೀತು. ಅದು ಕರೆದುಕೊಂಡು ಹೋಗುವ ಮನೆ ಈಗ ಇಲ್ಲ ಎಂಬುದೂ ನಿಮಗೆ ಗೊತ್ತಿದ್ದೀತು.

ಬೋರತ್ತೆ ನಮ್ಮಪ್ಪನ ಅಕ್ಕ. ರಾಯದುರ್ಗದ ಕಡೆಯ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ಎರಡು ಆಡು ಹೊಡೆದುಕೊಂಡು ತಮ್ಮನ ಮನೆಗೆ ನಡೆದೇ ಬಂದಳಂತೆ. ಆ ಎರಡು ನಾನು ಹುಟ್ಟುವ ಹೊತ್ತಿಗೆ ಇಪ್ಪತ್ತಾಗಿದ್ದವು. ಊರಿನ ಅಂಚಿನಲ್ಲಿ ನಮ್ಮದು ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲ ಅಂಕಣ ಆಡುಗಳದು, ಒಳಗಿನದು ನಮ್ಮದು. ಮಳೆಗಾಲದಲ್ಲಿ ಆಡಿನ ಮೈ ಬಿಸಿ ಒಳಗಿನವರೆಗೂ ಬಂದು ನಮ್ಮನ್ನು ಬೆಚ್ಚಗಿಡುತ್ತಿತ್ತು. ಅತ್ತೆ ಮನುಷ್ಯರೊಂದಿಗೆ ಕನ್ನಡ ಮಾತಾಡುತ್ತಿದ್ದಳು, ಆಡುಗಳೊಂದಿಗೆ ತೆಲುಗು. ನನ್ನನ್ನು ಮಾತ್ರ "ಪಿಲ್ಲಾ", ಅಂದರೆ ಮರಿ, ಎಂದು ಆಡಿನ ಭಾಷೆಯಲ್ಲೇ ಕರೆಯುತ್ತಿದ್ದಳು. ಅದು ನನಗೆ ಸಿಕ್ಕಿದ್ದ ದೊಡ್ಡ ಮರ್ಯಾದೆ ಎಂದು ನಾನು ತಿಳಿದಿದ್ದೆ.

ಊರ ಹೊರಗಿನ ಹುಣಸೆಮರದ ಬುಡದಲ್ಲಿ ಅವಳ ದಾರಿ ಮೂರಾಗಿ ಒಡೆಯುತ್ತಿತ್ತು. ಬೇಸಿಗೆಯಲ್ಲಿ ಹಳ್ಳದ ದಾರಿ. ಹಳ್ಳ ಒಣಗಿದ್ದರೂ ಮರಳಿನಲ್ಲಿ ಮೊಳಕೈಯುದ್ದ ಬಗೆದರೆ ನೀರು ಒಸರುವ ಜಾಗ ಅವಳಿಗೆ ಗೊತ್ತಿತ್ತು. ಬಗೆದು, ಕೆಸರು ತಿಳಿಯಾಗುವವರೆಗೆ ಸುಮ್ಮನೆ ಕೂರಬೇಕು. ಆ ತಣ್ಣನೆಯ ನೀರಿನಲ್ಲಿ ಮೊದಲು ಮರಿಗಳು ಬಾಯಿಡಬೇಕು, ಆಮೇಲೆ ನಾವು. ಮಳೆ ಬಿದ್ದ ಮೇಲೆ ಗುಡ್ಡದ ದಾರಿ. ಅಲ್ಲಿ ಮನೆಯಷ್ಟು ದೊಡ್ಡ ಗುಂಡುಗಳು ಒಂದರ ಮೇಲೊಂದು ಈಗಲೋ ಆಗಲೋ ಉರುಳುವಂತೆ ನಿಂತಿರುತ್ತಿದ್ದವು. ಅವುಗಳ ಕೆಳಗೆ ಹಾದುಹೋಗುವಾಗ ನಾನು ಉಸಿರು ಬಿಗಿ ಹಿಡಿಯುತ್ತಿದ್ದೆ. ಅತ್ತೆ ಬಂಡೆಯನ್ನು ಅಂಗೈಯಿಂದ ತಟ್ಟಿ, "ನಮ್ಮಜ್ಜನ ಕಾಲ್ದಾಗೂ ಹಿಂಗೇ ಬೀಳಂಗಿತ್ತಂತೆ, ಬಾ" ಎನ್ನುತ್ತಿದ್ದಳು. ಮೂರನೆಯದು ಅಕ್ಷರದ ಗುಂಡಿನ ದಾರಿ. ಅದರ ಮಾತು ಆಮೇಲೆ ಬರುತ್ತದೆ.

ಗುಡ್ಡದ ದಾರಿಯಲ್ಲಿ ಒಂದು ಬೆಳಗ್ಗೆ ಆದದ್ದನ್ನು ಮಾತ್ರ ಮೊದಲೇ ಹೇಳಿಬಿಡಬೇಕು. ಸೀತಾಫಲ ಹಣ್ಣಾಗುವ ದಿನಗಳು. ಮಂಜು ಇನ್ನೂ ಬಂಡೆಗಳ ಸಂದಿಯಲ್ಲೇ ಇತ್ತು. ಮುಂದೆ ಹೋಗುತ್ತಿದ್ದ ಆಡುಗಳು ಇದ್ದಕ್ಕಿದ್ದಂತೆ ಹಿಂದೆ ಸರಿದು ಒಂದಕ್ಕೊಂದು ಅಂಟಿಕೊಂಡು ನಿಂತವು. ಅತ್ತೆ ನನ್ನ ಭುಜ ಹಿಡಿದು ನಿಲ್ಲಿಸಿದಳು. ಇಪ್ಪತ್ತು ಮಾರು ದೂರದಲ್ಲಿ ಕರಡಿ. ಕರೀ ಕಂಬಳಿಯೊಂದು ತಾನಾಗಿ ನಡೆದಂತೆ, ತಲೆ ತಗ್ಗಿಸಿ, ಆತುರವಿಲ್ಲದೆ ದಾರಿ ದಾಟುತ್ತಿತ್ತು. ಅದರ ಬೆನ್ನ ಮೇಲೆ ಎರಡು ಮರಿಗಳು ಕೂದಲು ಕಚ್ಚಿ ಹಿಡಿದು ಕೂತಿದ್ದವು. ನಡುದಾರಿಯಲ್ಲಿ ಅದು ನಿಂತು ನಮ್ಮತ್ತ ಮೂಗೆತ್ತಿತು. ಅತ್ತೆ ಕಲ್ಲೆತ್ತಲಿಲ್ಲ, ಕೂಗಲಿಲ್ಲ. ಪಕ್ಕದ ಮನೆಯವಳೊಂದಿಗೆ ಮಾತಾಡುವ ದನಿಯಲ್ಲಿ, "ಹೋಗವ್ವಾ, ಹೋಗು. ಮಕ್ಕಳ ತಾಯಿ ನೀನು. ನಿನ್ನ ದಾರಿಗೆ ನಾವೇನು ಅಡ್ಡ ಬಂದಿಲ್ಲ" ಎಂದಳು. ಕರಡಿ ಹೋಯಿತು. ಮಂಜು ಅದರ ಹಿಂದೆ ಮುಚ್ಚಿಕೊಂಡಿತು. ಬೆನ್ನ ಮೇಲಿನ ಮರಿಗಳಲ್ಲಿ ಒಂದು ಕೊನೆಯವರೆಗೂ ತಿರುಗಿ ನಮ್ಮನ್ನೇ ನೋಡುತ್ತಿತ್ತು. ಎಷ್ಟೋ ವರ್ಷಗಳ ಮೇಲೂ, ದೊಡ್ಡದು ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಕಣ್ಣಿಗೆ ಕಟ್ಟುವುದು ಆ ಕರಡಿಯಲ್ಲ, ಅದರೆದುರು ಹರಕು ಸೀರೆಯಲ್ಲಿ ನಿಂತು ಮೆಲ್ಲಗೆ ಮಾತಾಡಿದ ಅತ್ತೆ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ತಮ್ಮ ಹುಟ್ಟಿದ. ಅವ್ವ ಶೇಂಗಾ ಕೀಳುವ ಕೂಲಿಗೆ ಹೋಗಬೇಕು, ಅಪ್ಪ ಕಲ್ಲು ಕೆಲಸಕ್ಕೆ. ಅತ್ತೆಗೆ ಮಂಡಿನೋವು ಶುರುವಾಗಿತ್ತು. ಒಂದು ಸಂಜೆ ಉಣ್ಣುತ್ತಾ ಅಪ್ಪ ಹೇಳಿದ: "ಈ ವರ್ಸಕ್ಕೆ ಸಾಕು ಇವಳ ಸಾಲೆ. ಅಕ್ಕಾ, ನಿನ್ನ ಹಿಂದೆ ಆಡು ಕಾಯ್ಲಿ. ನಿಂಗೂ ಕಾಲು ಆಗಲ್ಲ." ಅವ್ವ ಮಗುವಿನ ಬಾಯೊರೆಸುತ್ತಾ ನೆಲ ನೋಡಿದಳು. ನಿಜ ಹೇಳಬೇಕೆಂದರೆ, ನನಗೆ ಅಳು ಬಂದರೂ ಮನಸ್ಸಿನ ಒಂದು ಮೂಲೆಯಲ್ಲಿ ಸಂತೋಷವೂ ಆಗಿತ್ತು. ದಿನಾ ಗುಡ್ಡ, ದಿನಾ ಹಳ್ಳ, ದಿನಾ ಅತ್ತೆ. ಆದರೆ ನಾನು ಓದುವುದರಲ್ಲಿ ಮುಂದಿದ್ದೆ. ಮೇಷ್ಟ್ರು ಪಾಠವನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ಆಗ ಇಡೀ ಕೋಣೆ ನನ್ನ ದನಿಯನ್ನೇ ಕೇಳುತ್ತಾ ಕೂರುತ್ತಿತ್ತಲ್ಲ, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಆ ವಾರದ ಭಾನುವಾರ ಅತ್ತೆ ಅಕ್ಷರದ ಗುಂಡಿನ ದಾರಿ ಹಿಡಿದಳು. ನೆಲಕ್ಕೊರಗಿದ ದೊಡ್ಡ ಬಂಡೆ ಅದು. ಮಳೆ ಬಿಸಿಲಿಗೆ ಕೆಡದಂತೆ ಮೇಲೊಂದು ಸೂರು ಕಟ್ಟಿದ್ದರು. ಬಂಡೆಯ ಮೈತುಂಬಾ ಕಡ್ಡಿ, ಕೊಕ್ಕೆ, ಸೊನ್ನೆಗಳಂಥ ಗೀರುಗಳು. ಬಿಸಿಲು ಓರೆಯಾಗಿ ಬಿದ್ದರೆ ಅವು ಎದ್ದು ಕಾಣುತ್ತಿದ್ದವು, ನೆತ್ತಿಗೆ ಬಂದರೆ ಕಲ್ಲಿನೊಳಕ್ಕೆ ಇಳಿದು ಮಾಯವಾಗುತ್ತಿದ್ದವು. ಯಾರು, ಯಾವ ಕಾಲದಲ್ಲಿ ಕೊರೆದರೋ. ಅತ್ತೆ ಅಲ್ಲಿ ಚಪ್ಪಲಿ ಬಿಟ್ಟು ಕೂರುತ್ತಿದ್ದಳು. ಅವತ್ತು ನನ್ನನ್ನು ಹತ್ತಿರ ಕರೆದು, "ಪಿಲ್ಲಾ, ಐದು ವರ್ಸ ಓದೀಯಲ್ಲ. ಇದ್ರಾಗೇನು ಬರ್ದೈತೆ ಓದು" ಎಂದಳು.

ಒಂದು ಅಕ್ಷರವೂ ಕನ್ನಡದ್ದಲ್ಲ. ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಐದು ವರ್ಷ ಶಾಲೆಗೆ ಹೋಗಿಯೂ ಓದಲು ಬರುವುದಿಲ್ಲವೆಂದರೆ ಇನ್ನು ಹೋಗುವುದಾದರೂ ಏಕೆ ಎಂದಾಳು ಎಂಬ ಭಯ. ನಾನು ಬೆರಳಿಟ್ಟು, ಪಾಠ ಓದುವ ರಾಗದಲ್ಲಿ ಶುರುಮಾಡಿದೆ. "ಎಲ್ಲಾರೂ ಒಳ್ಳೇರಾಗಿರ್ಬೇಕು... ಮಳೆ ಬಂದಾಗ ಬಿತ್ತಬೇಕು..." ಅಲ್ಲಿಗೆ ತಡವರಿಸಿ, ಅತ್ತೆಯ ಮುಖ ನೋಡಿ, ಒಂದೇ ಉಸಿರಿಗೆ ಹೇಳಿಬಿಟ್ಟೆ: "ಹೆಣ್ಣುಮಕ್ಕಳ್ನ ಸಾಲೆ ಬಿಡಿಸ್ಬಾರ್ದು ಅಂತ ಬರ್ದೈತೆ."

ಅತ್ತೆ ಬಂಡೆಯ ಮೇಲೆ ಅಂಗೈಯಾಡಿಸಿದಳು. "ಹಂಗಂತ ಐತಾ?"

"ಹೂಂ ಅತ್ತೆ. ಇಲ್ಲೇ ಐತೆ."

"ಸರಿ" ಎಂದು ಮಂಡಿಗೆ ಕೈಕೊಟ್ಟು ಎದ್ದಳು.

ಆ ಸಂಜೆ ಅವಳು ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದ್ದನ್ನು ನಾನು ಆಡುಗಳ ನಡುವೆ ಅಡಗಿ ಕೇಳಿದೆ. "ಅಕ್ಷರದ ಗುಂಡಿನಾಗೆ ಬರ್ದೈತಂತೆ ಕಣೋ. ಹೆಣ್ಣು ಹುಡುಗ್ರನ್ನ ಸಾಲೆ ಬಿಡಿಸ್ಬಾರ್ದಂತೆ. ಕಲ್ಲಿನ ಮಾತು ಮೀರಿ ನಮಗೇನಾದ್ರೂ ಆದ್ರೆ ನನ್ನ ಕೇಳ್ಬ್ಯಾಡ. ಆಡು ನಾ ಕಾಯ್ತೀನಿ. ಕೂಸನ್ನೂ ನಾನೇ ಬೆನ್ನಿಗೆ ಕಟ್ಕೊಂಡು ಹೋಗ್ತೀನಿ." ಅಪ್ಪ ಬೀಡಿಯನ್ನು ಪೂರ್ತಿ ಸೇದಿ ನೆಲಕ್ಕೆ ಒತ್ತಿದ. ಕೊನೆಗೆ, "ಕಲ್ಲೇ ಹಂಗಂದ್ರೆ ನಂದೇನೈತೆ" ಎಂದು ಎದ್ದು ಹೋದ. ಜೂನ್ ತಿಂಗಳಿನಲ್ಲಿ ನಾನು ಆರನೇ ಕ್ಲಾಸಿಗೆ ಕೂತೆ. ಅತ್ತೆ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು, ನೋಯುವ ಕಾಲೆಳೆಯುತ್ತಾ ಆಡಿನ ಹಿಂದೆ ಹೋಗುವುದು ಶಾಲೆಯ ಕಿಟಕಿಯಿಂದ ಕಾಣುತ್ತಿತ್ತು. ನಾನು ಆ ಕಿಟಕಿಗೆ ಬೆನ್ನು ಹಾಕಿ ಕೂರುವುದನ್ನು ಕಲಿತೆ.

ಆ ಚಳಿಗಾಲದಲ್ಲಿ ಮೇಷ್ಟ್ರು ನಮ್ಮ ಕ್ಲಾಸನ್ನು ಅಕ್ಷರದ ಗುಂಡಿಗೆ ನಡೆಸಿಕೊಂಡು ಹೋದರು. ಹೋಗಿ ನೋಡಿದರೆ ಅತ್ತೆ ಅಲ್ಲೇ, ಮಗುವಿಗೆ ರಾಗಿ ಗಂಜಿ ಕುಡಿಸುತ್ತಾ ಕೂತಿದ್ದಳು. ನಾನು ಉಳಿದ ಹುಡುಗರ ಹಿಂದೆ ಸರಿದುಕೊಂಡೆ. "ಬಾ ಬೋರಮ್ಮ, ನೀನೂ ಕೇಳು" ಎಂದು ಮೇಷ್ಟ್ರು ಕರೆದರು. ಎರಡು ಸಾವಿರ ವರ್ಷಗಳಿಗೂ ಹಿಂದೆ ಅಶೋಕನೆಂಬ ರಾಜ ಬರೆಸಿದ್ದು ಎಂದರು. ಎರಡು ಸಾವಿರ ವರ್ಷ! ಅಷ್ಟು ಕಾಲ ಈ ಕಲ್ಲು ನಮ್ಮ ಆಡು ಮೇಯುವ ದಾರಿಯಲ್ಲಿ ಮಾತಾಡುತ್ತಲೇ ಕೂತಿತ್ತು.

"ಏನಂತ ಬರ್ದೈತ್ರಿ ಮೇಷ್ಟ್ರೇ?" ಅತ್ತೆ ಕೇಳಿದಳು.

"ತಾಯಿತಂದೆ ಮಾತು ಕೇಳಬೇಕು, ಜೀವ ಇರೋವುಗಳ ಮೇಲೆ ದಯೆ ಇರಬೇಕು, ಗುರುಗಳಿಗೆ ಮರ್ಯಾದೆ ಕೊಡಬೇಕು, ನಿಜ ಹೇಳಬೇಕು, ಹೀಗೆಲ್ಲ ಇದೆ ಬೋರಮ್ಮ."

"ಹೆಣ್ಣುಮಕ್ಕಳ ಸಾಲೆ ವಿಚಾರ?"

ಮೇಷ್ಟ್ರು ನಕ್ಕುಬಿಟ್ಟರು. "ಆವಾಗ ಎಲ್ಲಿ ಶಾಲೆ?"

ಅತ್ತೆ ತಲೆಯಾಡಿಸಿ ಗಂಜಿಯ ಲೋಟ ಒರೆಸಿದಳು. ನನ್ನತ್ತ ನೋಡಲೇ ಇಲ್ಲ. ಸಂಜೆ ಶಾಲೆ ಬಿಟ್ಟವಳು ಮನೆಗೆ ಹೋಗಲು ಹೆದರಿ ಹುಣಸೆಮರದ ಹತ್ತಿರ ನಿಂತಿದ್ದೆ. ಆಡುಗಳು ಬಂದವು, ಅವುಗಳ ಹಿಂದೆ ಅವಳು. ನನ್ನನ್ನು ದಾಟಿ ನಾಲ್ಕು ಹೆಜ್ಜೆ ಹೋದವಳು ಹಿಂತಿರುಗಿ ನೋಡದೆಯೇ, "ನಿಜ ಹೇಳ್ಬೇಕು ಅಂತಾನೂ ಐತಂತಲ್ಲ ಪಿಲ್ಲಾ, ಅದನ್ಯಾಕೆ ಓದ್ಲಿಲ್ಲ?" ಎಂದಳು. ನಾನು ಅಳತೊಡಗಿದೆ. ಅವಳು ನಿಂತಳು. "ಅಳಬ್ಯಾಡ. ನಂಗೆ ಅವತ್ತೇ ಗೊತ್ತಿತ್ತು. ಓದೋರ ಕಣ್ಣು ಅಕ್ಷರದ ಮ್ಯಾಲಿರ್ತೈತೆ. ನಿನ್ನ ಕಣ್ಣು ನನ್ನ ಮಖದ ಮ್ಯಾಲಿತ್ತು."

"ಮತ್ಯಾಕೆ ಅಪ್ಪಂಗೆ ಹಂಗಂದೆ?"

"ನಾ ಹೇಳಿದ್ರೆ ಕೇಳ್ತಿದ್ನಾ? ಕಲ್ಲು ಹೇಳಿದ್ರೆ ಕೇಳ್ತಾನೆ." ಬೆನ್ನ ಮೇಲಿನ ಮಗುವನ್ನು ಒಮ್ಮೆ ಮೇಲಕ್ಕೆ ಎಗರಿಸಿ ಸರಿಮಾಡಿಕೊಂಡಳು. "ನಿಂಗೆ ನನ್ನ ಹಿಂದೆ ಬರೋ ಆಸೆ ಇತ್ತು, ಗೊತ್ತು. ನಂಗೂ ಇತ್ತು. ನಡಿ, ಹೊತ್ತಾತು."

ಮುಂದೆ ಮೊಳಕಾಲ್ಮೂರಿನ ಹೈಸ್ಕೂಲು, ಚಳ್ಳಕೆರೆಯ ಹಾಸ್ಟೆಲ್ಲು, ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆಯಲ್ಲಿ ಓದಿದ ಎರಡು ವರ್ಷ, ಆಮೇಲೆ ಬಸ್ಸಿನ ಕೆಲಸ. ಖಾಕಿ ಹಾಕಿದ ಮೊದಲ ವಾರ, ಗುಡ್ಡದ ತಿರುವಿನಲ್ಲಿ ಡ್ರೈವರು ಬಸ್ಸು ನಿಲ್ಲಿಸಿದ. ರಸ್ತೆಯಂಚಿನಲ್ಲಿ ಕೈ ಅಡ್ಡ ಹಿಡಿದು ಅತ್ತೆ ನಿಂತಿದ್ದಳು, ಸುತ್ತ ಆಡುಗಳು. "ಹತ್ತು ಅತ್ತೆ, ಎಲ್ಲಿಗೆ ಹೋಗ್ತೀಯಾ?" ಎಂದೆ. "ಎಲ್ಲಿಗೂ ಇಲ್ಲ. ನಿನ್ನ ಬಸ್ಸು ಯಾವ ದಾರಿ ಹಿಡಿತೈತೆ ನೋಡೋಣ ಅಂತ ಬಂದೆ" ಎಂದಳು. ಬಸ್ಸಿನವರೆಲ್ಲ ನಕ್ಕರು. ನಾನು ಬಾಗಿಲಲ್ಲೇ ನಿಂತು, ಅವಳು ಒಂದು ಚುಕ್ಕೆಯಾಗುವವರೆಗೂ ನೋಡಿದೆ.

ಅದಾಗಿ ಎರಡನೆಯ ವರ್ಷ, ಒಂದು ಮಧ್ಯಾಹ್ನ, ಕಟ್ಟೆಯ ಮೇಲೆ ಒರಗಿದ್ದವಳು ಏಳಲಿಲ್ಲ. ತಿಂಗಳೊಳಗೆ ಅಪ್ಪ ಆಡುಗಳನ್ನು ಮಾರಿದ. ಮುಂದೆ ತಮ್ಮ ದೊಡ್ಡವನಾದ ಮೇಲೆ ಅವನಿಗೆ ಬಳ್ಳಾರಿಯಲ್ಲಿ ಕೆಲಸ ಸಿಕ್ಕಿ ಅಪ್ಪ ಅವ್ವ ಅವನ ಜೊತೆ ಹೋದರು. ಮಾಳಿಗೆ ಕುಸಿಯಿತು, ಜಾಗ ಬೇರೆಯವರದಾಯಿತು. ಹುಣಸೆಮರದಿಂದಾಚೆಗೆ ಈಗ ಮೂರೂ ದಾರಿಗಳಿಲ್ಲ. ತುಳಿಯುವ ಕಾಲಿಲ್ಲದಿದ್ದರೆ ದಾರಿ ಎಷ್ಟು ಬೇಗ ನೆಲವಾಗಿಬಿಡುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಬಳ್ಳಾರಿ ಜಾಲಿಯ ಮುಳ್ಳುಗಿಡ ಎದೆಮಟ್ಟ ಬೆಳೆದಿದೆ.

ಆದರೆ ನನ್ನೊಳಗೆ ಉಳಿದಿರುವುದು ಅವಳನ್ನು ಮಣ್ಣು ಮಾಡಿದ ಮೂರನೆಯ ದಿನದ ಬೆಳಗು. ಆಡುಗಳು ಒಳಗೇ ಇದ್ದು ಹಸಿದು ಕೂಗುತ್ತಿದ್ದವು. ಮನೆಯಲ್ಲಿ ಯಾರಿಗೂ ಅವುಗಳ ಕಡೆ ಗಮನವಿರಲಿಲ್ಲ. ನಾನು ಬಾಗಿಲು ತೆಗೆದೆ. ಅವು ನುಗ್ಗಿ ಓಡಲಿಲ್ಲ. ದಿನದಂತೆ ಒಂದರ ಹಿಂದೊಂದು ಹೊರಟವು. ನಾನು ಹಿಂದೆ ನಡೆದೆ. ದಾರಿ ಒಡೆಯುವಲ್ಲಿಗೆ ಬಂದಾಗ ಎಲ್ಲವೂ ನಿಂತವು. ಯಾವ ಕಡೆ ಎಂದು ನನಗೂ ತಿಳಿಯದು. ಬಾಯಿಗೆ ಬಂದಂತೆ ಕರೆದೆ, ಗುಡ್ಡದ ಕಡೆ ಕೈ ಬೀಸಿದೆ. ಒಂದೂ ಕದಲಲಿಲ್ಲ. ಎಲ್ಲ ಆಡುಗಳೂ ಕಿವಿ ನಿಮಿರಿಸಿ ನನ್ನನ್ನು ದಾಟಿ, ನನ್ನ ಬೆನ್ನ ಹಿಂದೆ, ಊರಿನಿಂದ ಬರುವ ದಾರಿಯನ್ನೇ ನೋಡುತ್ತಾ ನಿಂತಿದ್ದವು.

ನಾನೂ ತಿರುಗಿ ನೋಡಿದೆ.